ಮೂರನೆಯ ತಟ್ಟೆಯ ವಜ್ರಲೇಪ

॥ ಶ್ರೀ ಗಣಾಧಿಪತಯೇ ನಮಃ ॥ ॥ ಶ್ರೀ ಗುರುಭ್ಯೋ ನಮಃ ॥

ಸ್ವಸ್ತಿಶ್ರೀ ಶಾಲಿವಾಹನ ಶಕ ವರ್ಷ ಸಾವಿರದ ಒಂಬೈನೂರ ಇಪ್ಪತ್ತೆಂಟನೆಯ ವ್ಯಯನಾಮ ಸಂವತ್ಸರದ ಶ್ರಾವಣ ಶುದ್ಧ ಷಷ್ಠಿ, ಸೋಮವಾರ. ಇಂಗ್ಲಿಷ್ ಮಾನದಲ್ಲಿ 31 ಜುಲೈ 2006.
ರಾಯದುರ್ಗ

ಚಿರಂಜೀವಿ ಸುಮಾಳಿಗೆ ನಿನ್ನ ತಂದೆ ಗಂಗಾಧರಪ್ಪನು ಮಾಡುವ ಆಶೀರ್ವಾದಗಳು. ದುರ್ಗದ ದಶಭುಜ ಗಣಪತಿಯ ಕೃಪೆಯಿಂದ ನಾವಿಲ್ಲಿ ಕ್ಷೇಮ. ನಿನ್ನ ಕ್ಷೇಮವನ್ನು ನೀನೇ ಬರೆಯತಕ್ಕದ್ದು. ಬರೆಯುತ್ತಿರುವೆಯಾದರೋ ನಿನ್ನ ಬಿಲ್ಲೆಗಳ ಕ್ಷೇಮವನ್ನು ಮಾತ್ರ.

ಇಂದು ಶ್ರಾವಣದ ಮೊದಲ ಸೋಮವಾರ. ಬರುತ್ತೇನೆಂದು ಮಾತು ಕೊಟ್ಟವಳು ಬರಲಿಲ್ಲ. ದೂರವಾಣಿಯಲ್ಲಿ ನಿನ್ನ ತಾಯಿಗೆ ಏನೋ ಕಾರಣ ಹೇಳಿದೆಯಂತೆ. ಆ ಕಾರಣ ನನಗೆ ಸಾಲದು. ತಂತಿಯ ಮೇಲೆ ಹೋದ ಮಾತನ್ನು ಮರುದಿನ ಯಾರೂ ಹಿಡಿದು ನಿಲ್ಲಿಸಲಾರರು. ಕಾಗದದ ಮೇಲಿನ ಮಾತು ಆಡಿದವರನ್ನು ಬಿಡುವುದಿಲ್ಲ. ಆದುದರಿಂದ ಬರೆದು ಕೇಳುತ್ತೇನೆ, ಬರೆದು ಉತ್ತರಿಸು.

ಮಗಳು ಲೋಹಶಾಸ್ತ್ರವನ್ನು ಓದಿ, ಮಡಕಶಿರದ ಹೊರವಲಯದಲ್ಲಿ ಚಂದ್ರಮೋಹನ್ ಎಂಬವರ ಸಣ್ಣ ಕಾರ್ಖಾನೆಯಲ್ಲಿ, ಅಲ್ಯುಮಿನಿಯಂ ಕೊರೆಯುವ ಉಗುರಿನಷ್ಟು ಅಗಲದ ಅಲಗುಬಿಲ್ಲೆಗಳ ಮೇಲೆ ವಜ್ರದ ಪೊರೆಯನ್ನು ಬೆಳೆಸುತ್ತಾಳೆಂದು ಹೇಳಿದರೆ ನಮ್ಮ ಬೀದಿಯಲ್ಲಿ ಯಾರೂ ನಂಬುವುದಿಲ್ಲ. ಪ್ರಾಚೀನ ಶಿಲ್ಪಿಗಳಲ್ಲಿ ವಜ್ರಲೇಪವೆಂಬ ಮಾತಿತ್ತು. ಕಲ್ಲಿಗೆ ಕಲ್ಲನ್ನು ಹತ್ತಿಸುವ ಅಂಟಿಗೆ ಆ ಹೆಸರು. ಅದರಲ್ಲಿ ವಜ್ರದ ಕಣವೊಂದೂ ಇರಲಿಲ್ಲ, ಆದರೆ ಲೇಪ ನಿಂತಿತು. ನಿಮ್ಮದರಲ್ಲಿ ನಿಜವಾದ ವಜ್ರವಿದೆ, ಲೇಪ ಮಾತ್ರ ನಿಲ್ಲುತ್ತಿಲ್ಲ. ಇದು ನನ್ನನ್ನು ಯೋಚನೆಗೆ ಹಚ್ಚಿದೆ.

ಮೂರು ತಟ್ಟೆಗಳಲ್ಲಿ ಬಿಲ್ಲೆಗಳನ್ನು ತೊಳೆಯುತ್ತೀರಿ, ಮೊದಲೆರಡು ತಟ್ಟೆಗಳ ಲೇಪ ನಿಲ್ಲುತ್ತದೆ, ಮೂರನೆಯದು ಮಾತ್ರ ಕೆಲವು ದಿನ ನಿಂತು ಕೆಲವು ದಿನ ಹೊಟ್ಟಿನಂತೆ ಏಳುತ್ತದೆ ಎಂದು ಬರೆದಿದ್ದೆ. ಒಂದೇ ನೀರು, ಒಂದೇ ಬೆಂಕಿ, ಒಂದೇ ಗಾಳಿ. ಬೇರೆಯಾಗಿರುವುದು ಕೈ ಮಾತ್ರ. ಆ ಮೂರನೆಯ ಕೈ ಯಾರದು?

ಇಂತು,
ನಿನ್ನ ತಂದೆ
ಗಂಗಾಧರಪ್ಪ

*

9 ಆಗಸ್ಟ್ 2006, ಬುಧವಾರ
ಮಡಕಶಿರ

ತೀರ್ಥರೂಪರಾದ ಅಪ್ಪನವರಿಗೆ ಸುಮಾ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ನಾನು ಕ್ಷೇಮವಾಗಿದ್ದೇನೆ. ಬರಲಾಗದ್ದಕ್ಕೆ ಕ್ಷಮಿಸಿ. ನೀವು ಕೇಳಿದಿರೆಂದು ಕೆಲಸವನ್ನು ಮೊದಲಿನಿಂದ ಬರೆಯುತ್ತೇನೆ. ತಿಳಿದರೆ ಸಂದೇಹ ಕಡಿಮೆಯಾಗುತ್ತದೆಂಬ ಆಸೆ.

ಬಿಲ್ಲೆಯ ಒಡಲಿನಲ್ಲಿರುವುದು ಟಂಗ್‌ಸ್ಟನ್ನಿನ ಗಟ್ಟಿ ಕಾಳುಗಳು. ಅವನ್ನು ಹಿಡಿದು ಕಟ್ಟಿರುವುದು ಕೊಬಾಲ್ಟ್ ಎಂಬ ಲೋಹ. ಕಾಳಿಗೆ ಬೆಲ್ಲದ ಪಾಕವಿದ್ದ ಹಾಗೆ. ವಿಚಿತ್ರವೆಂದರೆ ಒಳಗನ್ನು ಕಟ್ಟುವ ಆ ಕೊಬಾಲ್ಟೇ ಹೊರಗಿನ ಲೇಪಕ್ಕೆ ಶತ್ರು. ಕೆಂಪಗೆ ಕಾದ ತಂತಿಗಳ ಕೆಳಗೆ, ಅನಿಲದಿಂದ ವಜ್ರ ಇಳಿಯುವಾಗ, ಕೊಬಾಲ್ಟ್ ಅದನ್ನು ಮುಟ್ಟಿದಲ್ಲೆಲ್ಲ ಮಸಿ ಮಾಡುತ್ತದೆ. ಮಸಿಯ ಮೇಲೆ ಕೂತ ವಜ್ರ ಕಳಚಿ ಬೀಳುತ್ತದೆ. ಅದಕ್ಕಾಗಿ ಮೊದಲು ಕೆಂಪು ಹರಳಿನ ಉಪ್ಪಿನ ದ್ರಾವಣದಲ್ಲಿ ಮುಳುಗಿಸಿ ಮೇಲ್ಮೈಯನ್ನು ತರಿಯಾಗಿಸುತ್ತೇವೆ. ಆಮೇಲೆ ಆಮ್ಲದಲ್ಲಿ ಮುಳುಗಿಸಿ ಮೇಲ್ಪದರದ ಕೊಬಾಲ್ಟನ್ನಷ್ಟೇ ತೆಗೆಯುತ್ತೇವೆ. ಹೆಚ್ಚು ತೆಗೆದರೆ ಅಂಚು ಪುಡಿಯಾಗುತ್ತದೆ. ಕಡಿಮೆ ತೆಗೆದರೆ ಲೇಪ ನಿಲ್ಲುವುದಿಲ್ಲ. ಬಳಿಕ ತೊಳೆದು, ಬಿಸಿಗಾಳಿಯಲ್ಲಿ ಒಣಗಿಸಿ, ವಜ್ರದ ಅತಿ ಸಣ್ಣ ಧೂಳು ಕಲಸಿದ ಸ್ಪಿರಿಟ್ಟಿನಲ್ಲಿ ಅದ್ದಿ ಅಲುಗಿಸುತ್ತೇವೆ. ಆ ಧೂಳು ಬಿತ್ತನೆಯಿದ್ದ ಹಾಗೆ. ಬಿತ್ತಿದ ಕಣದ ಸುತ್ತ ವಜ್ರ ಬೆಳೆಯುತ್ತದೆ.

ಬೆಳೆದದ್ದು ನಿಂತಿದೆಯೋ ಇಲ್ಲವೋ ನೋಡಲು ಮೊನಚಾದ ಶಂಕುವನ್ನು ಭಾರವಿಟ್ಟು ಒತ್ತುತ್ತೇವೆ. ಕುಳಿ ಮಾತ್ರ ಬಿದ್ದರೆ ಸರಿ. ಕುಳಿಯ ಸುತ್ತ ಉಂಗುರದಂತೆ ಸಿಪ್ಪೆ ಎದ್ದರೆ ಆ ಬಿಲ್ಲೆ ಹೋಯಿತು.

ಮೂರನೆಯ ತಟ್ಟೆ ಮಂಜುಳಾಳದು. ಅಗಳಿಯವಳು. ತಂದೆ ಹನುಮಂತರಾಯಪ್ಪನವರು ಅಲ್ಲಿಯೇ ಕನ್ನಡ ಶಾಲೆಯಲ್ಲಿ ಮೇಷ್ಟ್ರಾಗಿದ್ದು ನಿವೃತ್ತರಾದವರು, ಮನೆಯಲ್ಲಿ ಕುರಿಗಳಿವೆ. ನಾಲ್ಕು ವರ್ಷ ನಸುಕಿನ ಬಸ್ಸು ಹಿಡಿದು ಹಿಂದೂಪುರದ ಆಚೆಯ ಬಟ್ಟೆ ಕಾರ್ಖಾನೆಗೆ ಹೋಗಿ ಬೆನ್ನು ನೋಯಿಸಿಕೊಂಡವಳು, ಕಳೆದ ಯುಗಾದಿಯಿಂದ ನಮ್ಮಲ್ಲಿದ್ದಾಳೆ. ಅವಳಷ್ಟು ಶುದ್ಧವಾಗಿ ತೊಳೆಯುವವರು ನಮ್ಮಲ್ಲಿ ಇನ್ನೊಬ್ಬರಿಲ್ಲ. ಮೊದಲ ತಟ್ಟೆಯ ಕಾಟಮ್ಮ ಇವಳನ್ನು ನೋಡಿ, 'ಗಂಡನ್ ಮನೇಗೂ ಈ ತಟ್ಟೆ ಹೊತ್ಕೊಂಡೇ ಹೋಗ್ತೀಯೇನೆ?' ಎಂದು ಹಾಸ್ಯ ಮಾಡುತ್ತಿರುತ್ತಾಳೆ.

ಒಂದು ಸಂಗತಿ ಮಾತ್ರ ನನಗೂ ಅರ್ಥವಾಗಿಲ್ಲ. ವಜ್ರದ ಧೂಳಿನ ಸೀಸೆಯಲ್ಲಿ ದ್ರಾವಣ ಬಳಸಿದ್ದಕ್ಕಿಂತ ಎರಡು ಬೆರಳು ಕಡಿಮೆಯಾಗಿದೆ. ಸೀಸೆ ಇರುವುದು ಮೂರನೆಯ ತಟ್ಟೆಯ ಪಕ್ಕದ ಗೂಡಿನಲ್ಲಿ.

ಅಮ್ಮನಿಗೆ ನಮಸ್ಕಾರ ತಿಳಿಸಿ.

ನಿಮ್ಮ ಮಗಳು
ಸುಮಾ

*

21 ಆಗಸ್ಟ್ 2006, ಸೋಮವಾರ
ರಾಯದುರ್ಗ

ಚಿ. ಸುಮಾಳಿಗೆ ಆಶೀರ್ವಾದಗಳು.

ನಿನ್ನ ಕಾಗದವನ್ನು ಮೂರು ಬಾರಿ ಓದಿದೆನು. ಮೊದಲ ಬಾರಿ ಶಾಸ್ತ್ರವನ್ನು ತಿಳಿಯಲು. ಎರಡನೆಯ ಬಾರಿ ನಿನ್ನನ್ನು ಮೆಚ್ಚಲು. ಮೂರನೆಯ ಬಾರಿ ಕೊನೆಯ ನಾಲ್ಕು ಸಾಲಿಗಾಗಿ. ಇಷ್ಟು ಉದ್ದದ ಕಾಗದದಲ್ಲಿ ಬರೆಯಬೇಕಾದ ಮಾತನ್ನು ಕೊನೆಗಿಟ್ಟೆ. ನಿನಗೂ ಅನುಮಾನವಿದೆ, ಮಗಳೇ. ಅದನ್ನು ನನ್ನ ಬಾಯಿಂದ ಹೇಳಿಸಬೇಕೆಂದು ನಿನ್ನ ಮನಸ್ಸು.

ಆಗಲಿ, ಹೇಳುತ್ತೇನೆ. ಬಿತ್ತನೆ ಕಡಿಮೆಯಾದ ಹೊಲದಲ್ಲಿ ಬೆಳೆ ನಿಲ್ಲುವುದಿಲ್ಲ. ಸೀಸೆಯಲ್ಲಿ ಧೂಳು ಕಡಿಮೆಯಾಗುತ್ತಿದೆ, ತಟ್ಟೆಯಲ್ಲಿ ಲೇಪ ಕಳಚುತ್ತಿದೆ, ಎರಡೂ ಒಂದೇ ಕೈಯ ಅಳತೆಯೊಳಗಿವೆ. ಆ ಧೂಳಿನ ಹೆಸರು ವಜ್ರ. ಉಪ್ಪಿನ ಧೂಳಾಗಿದ್ದರೆ ನಾನು ಈ ಕಾಗದವನ್ನು ಬರೆಯುತ್ತಿರಲಿಲ್ಲ. ಬೀಜವನ್ನು ಕದಿಯುವವಳು ಬೆಳೆಯನ್ನು ಕಾಯುವವಳೇ ಆಗಿರುತ್ತಾಳೆ. ಅವಳ ಚೀಲವನ್ನು ಬಾಗಿಲಲ್ಲಿ, ಎಲ್ಲರೆದುರು ಬಿಚ್ಚಿಸು. ಗುಟ್ಟಾಗಿ ಬಿಚ್ಚಿಸಿದರೆ ನಾಳೆ ನೀನೇ ಇಟ್ಟೆಯೆಂದಾರು.

ನಾನು ಇದನ್ನು ಗ್ರಂಥ ನೋಡಿ ಹೇಳುತ್ತಿಲ್ಲ. ನಿನ್ನ ಚಿಕ್ಕಪ್ಪನ ಮಗ ಸಿದ್ದರಾಮೇಶನ ಜೀನ್ಸ್ ಕತ್ತರಿಸುವ ಶೆಡ್ಡಿನ ಬಾಗಿಲಲ್ಲಿ ಪ್ರತಿದಿನ ಸಂಜೆ ನಾನೇ ಸ್ಟೂಲು ಹಾಕಿಕೊಂಡು ಕೂರುತ್ತೇನೆ. ನಲವತ್ತು ಬುತ್ತಿಡಬ್ಬಿಗಳು ನನ್ನೆದುರು ತೆರೆದುಕೊಂಡು ಹೋಗುತ್ತವೆ. ಈ ವರ್ಷ ಹನ್ನೊಂದು ಜಿಪ್ಪುಗಳು ಸಿಕ್ಕಿವೆ, ಒಂದು ಸಲ ಅನ್ನದ ಕೆಳಗೆ. ನೋಡುವವನಿದ್ದಾನೆಂದು ತಿಳಿದಲ್ಲಿ ಧರ್ಮ ಸುಲಭವಾಗುತ್ತದೆ.

ಬರೆಯುತ್ತಿರುವಾಗ ನಿನ್ನ ತಾಯಿ ಸರ್ವಮಂಗಳೆ ಕಾಫಿ ತಂದಿಟ್ಟು, ಬಗ್ಗಿ ಎರಡು ಸಾಲು ಓದಿಕೊಂಡು, 'ನಿಮ್ ಕಣ್ಣಿಗೆ ಯಾರು ಕಳ್ರಲ್ಲ ಹೇಳ್ರಿ? ನಾ ಒಬ್ಬಾಕಿ ಉಳದೀನಿ. ನಾಳೆ ನನ್ ಸೆರಗೂ ಝಾಡಸ್ತೀರಿ' ಎಂದಳು. ಬರೆದಿದ್ದೇನೆ, ಅವಳ ಮಾತೂ ನಿನಗೆ ಮುಟ್ಟಲಿ. ನನ್ನ ಮಾತನ್ನು ಮಾತ್ರ ನಡೆಸು.

ಇಂತು,
ಗಂಗಾಧರಪ್ಪ

*

18 ಸೆಪ್ಟೆಂಬರ್ 2006, ಸೋಮವಾರ
ಮಡಕಶಿರ

ಅಪ್ಪನವರಿಗೆ ನಮಸ್ಕಾರಗಳು.

ಮೂರನೆಯ ತಟ್ಟೆಯ ಕೆಲಸವನ್ನು ಈಗ ನಾನೇ ನೋಡಿಕೊಳ್ಳುತ್ತಿದ್ದೇನೆ. ಮಂಜುಳಾ ಕೆಲಸ ಬಿಟ್ಟಿದ್ದಾಳೆ. ಲೇಪ ನಿಲ್ಲುತ್ತಿದೆ.

ಈ ವಿಷಯವನ್ನು ಇನ್ನು ಬರೆಯುವುದು ಬೇಡ. ದಸರೆಗೆ ಬರಲಾಗುವುದಿಲ್ಲ. ಅಮ್ಮ ಮೊಣಕಾಲಿನ ಎಣ್ಣೆಯನ್ನು ತಪ್ಪದೆ ಹಚ್ಚಿಕೊಳ್ಳಲಿ.

ಸುಮಾ

*

27 ಸೆಪ್ಟೆಂಬರ್ 2006, ಬುಧವಾರ
ರಾಯದುರ್ಗ

ಚಿ. ಸುಮಾಳಿಗೆ ಆಶೀರ್ವಾದಗಳು.

ಕೈ ಹೋಯಿತು, ಲೇಪ ನಿಂತಿತು. ಇದಕ್ಕಿಂತ ಬೇರೆ ಸಾಕ್ಷ್ಯ ಬೇಕೇ? ಚೀಲದಲ್ಲಿ ಏನು ಸಿಕ್ಕಿತೆಂಬುದನ್ನು ನೀನು ಬರೆದಿಲ್ಲ. ಸಿಕ್ಕಿದ್ದು ಸಣ್ಣದಾದರೂ ಬರೆ. ನಾನು ಯಾರಿಗೂ ಹೇಳುವವನಲ್ಲ. ಗೆದ್ದವಳ ಕಾಗದ ಇಷ್ಟು ಗಿಡ್ಡವಾಗಿರುವುದನ್ನು ನಾನು ಕಂಡಿಲ್ಲ. ಮಾಲೀಕ ಚಂದ್ರಮೋಹನ್ ನಿನ್ನನ್ನೇನಾದರೂ ಅಂದರೇ? ಆ ಹುಡುಗಿಯ ಕಡೆಯವರು ಬಂದು ಗದ್ದಲವೆಬ್ಬಿಸಿದರೇ?

ಉತ್ತರವನ್ನು ಎದುರುನೋಡುತ್ತಿರುವ,
ಗಂಗಾಧರಪ್ಪ

*

8 ಅಕ್ಟೋಬರ್ 2006, ಭಾನುವಾರ
ಅಗಳಿ, ಮಡಕಶಿರ ತಾಲ್ಲೂಕು

ಪೂಜ್ಯ ಗಂಗಾಧರಪ್ಪ ಪಂಡಿತರ ಸನ್ನಿಧಿಗೆ, ಅಗಳಿಯ ನಿವೃತ್ತ ಉಪಾಧ್ಯಾಯ ಹನುಮಂತರಾಯಪ್ಪನ ವಿಜ್ಞಾಪನೆಗಳು.

ತಮಗೆ ನನ್ನ ಪರಿಚಯವಿಲ್ಲ. ಹದಿನೆಂಟು ವರ್ಷಗಳ ಹಿಂದೆ ಅಮರಾಪುರದಲ್ಲಿ ತಾವು ಒಂದು ತಿಂಗಳು ಪುರಾಣ ಹೇಳಿದಾಗ ನಾನು ಪ್ರತಿದಿನ ಸೈಕಲ್ಲಿನಲ್ಲಿ ಬಂದು ಹಿಂದಿನ ಸಾಲಿನಲ್ಲಿ ಕೂತು ಕೇಳಿದವನು. ಆ ನಂಬಿಕೆಯಿಂದ ಬರೆಯುತ್ತಿದ್ದೇನೆ.

ತಮ್ಮ ಮಗಳು ಸುಮಾ ಮೇಡಂ ಅವರ ಕೈಕೆಳಗೆ ನನ್ನ ಮಗಳು ಮಂಜುಳಾ ಕೆಲಸಕ್ಕಿದ್ದಳು. ಸೆಪ್ಟೆಂಬರ್ ಎಂಟನೆಯ ತಾರೀಖು ಸಂಜೆ ಗೇಟಿನಲ್ಲಿ, ಕೆಲಸ ಬಿಟ್ಟು ಹೊರಟ ಹದಿನೈದು ಜನರ ಮುಂದೆ, ಇವಳೊಬ್ಬಳ ಚೀಲವನ್ನು ಬಿಚ್ಚಿಸಲಾಯಿತು. ಬುತ್ತಿಡಬ್ಬಿ, ಬಸ್ಸಿನ ಪಾಸು, ಬಟ್ಟೆಯಲ್ಲಿ ಸುತ್ತಿದ ಒಂದು ಹಿಡಿ ಕುರಿಯ ತುಪ್ಪಟ ಸಿಕ್ಕವು. ತುಪ್ಪಟ ಒದ್ದೆಯಾಗಿತ್ತು. ವಜ್ರದ ನೀರನ್ನು ಅದರಲ್ಲಿ ಹೀರಿಸಿ ಮನೆಗೆ ಒಯ್ದು ಹಿಂಡುತ್ತಾಳೆಂದು ಅಲ್ಲಿದ್ದವರು ಲೆಕ್ಕ ಹಾಕಿದರಂತೆ. ಮೇಡಂ ಕಳ್ಳಿ ಎನ್ನಲಿಲ್ಲ. ತುಪ್ಪಟವನ್ನು ತೆಗೆದುಕೊಂಡು, 'ನಾಳೆ ಮಾತಾಡೋಣ' ಎಂದರಂತೆ. ಮಗಳು ಆ ನಾಳೆಗೆ ಹೋಗಲಿಲ್ಲ.

ಪಂಡಿತರೇ, ನಾವು ಕುರಿಯ ತುಪ್ಪಟ ಕತ್ತರಿಸುವ ಮನೆತನದವರು. ಶಾಲೆಯ ಸಂಬಳ ಬರುವುದಕ್ಕೆ ಮುಂಚೆ ನಮ್ಮ ಮನೆಯನ್ನು ನಡೆಸಿದ್ದು ಎರಡು ಜೊತೆ ಕತ್ತರಿಗಳು. ಅವು ಒದ್ದೆಯಾದರೆ ಹಾಗೆಯೇ ಪೆಟ್ಟಿಗೆಯಲ್ಲಿಡುವುದು ನಮ್ಮಲ್ಲಿ ದೋಷ. ತೊಳೆಯದ ಹಸಿ ತುಪ್ಪಟದಿಂದ ಒರೆಸಿ, ಹಣೆಗೆ ಮುಟ್ಟಿಸಿ ಇಡುತ್ತೇವೆ. ತುಪ್ಪಟದ ಜಿಡ್ಡು ಕಬ್ಬಿಣಕ್ಕೆ ಹತ್ತಿದರೆ ಮಳೆಗಾಲವಿಡೀ ತುಕ್ಕು ಬಾರದು. ಇದನ್ನು ನನ್ನ ತಾಯಿ ಇವಳಿಗೆ ಆರು ವರ್ಷದವಳಿದ್ದಾಗ ಕಲಿಸಿದಳು. ಕಾರ್ಖಾನೆಯಲ್ಲಿ ಕರೆಂಟು ಹೋದಾಗ ತೊಳೆಯುವ ಕೋಣೆಯ ಬಿಸಿಗಾಳಿ ಯಂತ್ರ ನಿಲ್ಲುತ್ತದೆ. ಉಳಿದವರು ತಟ್ಟೆಯನ್ನು ಒದ್ದೆಯಾಗಿಯೇ ಬಿಡುತ್ತಾರೆ. ಇವಳಿಗೆ ನೋಡಲಾಗಲಿಲ್ಲ. 'ಒದ್ದೆ ಕಬ್ಣ ಹಂಗೇ ಮಡಗ್ತಾರೇನಪ್ಪ? ಒರೆಸ್ದೆ. ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ' ಎಂದು ನನ್ನೆದುರು ಹೇಳಿದಳು. ಅವಳು ಇದುವರೆಗೆ ಅತ್ತದ್ದೂ ಇಲ್ಲ.

ಈಗ ಮತ್ತೆ ನಸುಕಿನ ಬಸ್ಸಿನಲ್ಲಿ ಬಟ್ಟೆ ಕಾರ್ಖಾನೆಗೆ ಹೋಗುತ್ತಿದ್ದಾಳೆ. ಆ ಬಸ್ಸಿನಲ್ಲಿಯೇ ಅವಳಿಗೆ ವಜ್ರದ ಮಂಜುಳಾ ಎಂದು ಹೆಸರಿಟ್ಟಿದ್ದಾರೆ. ಊರಿನಲ್ಲಿ ಚಿಕ್ಕತಿಮ್ಮಯ್ಯನೆಂಬ ದೊಡ್ಡ ಮನುಷ್ಯ ನನ್ನನ್ನು ತಡೆದು, ಮೇಷ್ಟ್ರೇ ಹೊಸ ಮನೆ ಯಾವಾಗ ಕಟ್ಟಿಸ್ತೀರಿ ಎಂದು ಕೇಳಿದ.

ಮೇಡಂ ಅವರನ್ನು ಕಂಡು, ಇದು ಯಾರ ಸಲಹೆಯೆಂದು ವಿನಯದಿಂದ ವಿಚಾರಿಸಿದೆನು. ತನ್ನದೇ ಬುದ್ಧಿಯೆಂದರು. ಮಗಳು ಅದನ್ನು ನಂಬುವುದಿಲ್ಲ. ನಾನು ನಂಬಿದ್ದೇನೆ. ಧರ್ಮವನ್ನು ಬಲ್ಲ ತಾವು ತಂದೆಯಾಗಿ ಮಗಳಿಗೆ ಎರಡು ಮಾತು ತಿಳಿಹೇಳಬೇಕೆಂದು ಪ್ರಾರ್ಥನೆ. ನನ್ನ ಮಗಳಿಗೆ ಕೆಲಸ ಬೇಡ. ಅವಳ ಹೆಸರು ಅವಳಿಗೆ ಹಿಂದಿರುಗಿ ಬರಲಿ.

ತಮ್ಮ ವಿಧೇಯ,
ಹನುಮಂತರಾಯಪ್ಪ

*

14 ಅಕ್ಟೋಬರ್ 2006, ಶನಿವಾರ
ರಾಯದುರ್ಗ

ಸುಮಾ,

ಅಗಳಿಯ ಮೇಷ್ಟ್ರ ಕಾಗದವನ್ನು ಇದರೊಡನೆ ಕಳುಹಿಸಿದ್ದೇನೆ. ನಾಲ್ಕು ದಿನ ಅದು ನನ್ನ ಪೂಜೆಯ ಮಣೆಯ ಪಕ್ಕದಲ್ಲಿತ್ತು. ಉತ್ತರ ಬರೆಯಲು ಕೂತಾಗಲೆಲ್ಲ ಅವರು ನನ್ನನ್ನು ಪಂಡಿತರೇ ಎಂದು ಕರೆದ ಸಾಲಿನಲ್ಲಿ ಕೈ ನಿಲ್ಲುತ್ತದೆ.

ನನ್ನ ಸ್ವಭಾವವನ್ನು ಮುಚ್ಚಿಡುವುದಿಲ್ಲ. ಮೊದಲು ಓದಿದಾಗ ಇದು ಹೆಣೆದ ಕಥೆಯೆಂದೇ ನನಗೆ ತೋರಿತು. ತುಪ್ಪಟವೇನು, ಹಣೆಗೆ ಮುಟ್ಟಿಸುವುದೇನು. ಕಾಗದವನ್ನು ನಿನ್ನ ತಾಯಿಗೆ ಓದಿ ಹೇಳಿದೆ. ಅವಳು, 'ಚೀಲ ಬಿಚ್ಚಸು ಅಂತ ನೀವು ಬರದಿದ್ದು ಆ ಮೇಷ್ಟ್ರಿಗೆ ಗೊತ್ತೇನ್ರಿ?' ಎಂದಳು. ಇಲ್ಲವೆಂದೆ. 'ಹಂಗಾದ್ರ ಯಾಕ ಸುಮ್ಮನ ಕುಂತೀರಿ?' ಎಂದಳು.

ಎರಡು ಕೆಲಸ ಮಾಡು. ಆ ತುಪ್ಪಟ ನಿನ್ನಲ್ಲಿದ್ದರೆ ಅದರಲ್ಲಿ ವಜ್ರವಿದೆಯೇ ನೋಡು. ಸೀಸೆಗೆ ಗುರುತು ಹಾಕಿ, ಯಾರ ಕೈಗೂ ಸಿಗದ ಹಾಗೆ ಬೀಗದಲ್ಲಿಡು. ನಾನು ಮೊದಲೇ ಹೇಳಬೇಕಾಗಿದ್ದ ಮಾತುಗಳಿವು. ಬಿಚ್ಚಿಸು ಎಂದೆನೇ ಹೊರತು ಪರೀಕ್ಷಿಸು ಎನ್ನಲಿಲ್ಲ.

ತನ್ನದೇ ಬುದ್ಧಿಯೆಂದು ಅವರೆದುರು ಯಾಕೆ ಹೇಳಿದೆ?

ಗಂಗಾಧರಪ್ಪ

*

6 ನವೆಂಬರ್ 2006, ಸೋಮವಾರ
ಮಡಕಶಿರ

ಅಪ್ಪನವರಿಗೆ ಸುಮಾಳ ನಮಸ್ಕಾರಗಳು.

ತುಪ್ಪಟ ನನ್ನ ಮೇಜಿನ ಖಾನೆಯಲ್ಲಿಯೇ ಇತ್ತು. ಸೂಕ್ಷ್ಮದರ್ಶಕದಲ್ಲಿಟ್ಟು ಎರಡು ದಿನ ನೋಡಿದೆ. ಉಣ್ಣೆಯ ಎಳೆ, ಜಿಡ್ಡು, ಸ್ವಲ್ಪ ಮಣ್ಣು. ವಜ್ರದ ಕಣವೊಂದೂ ಇರಲಿಲ್ಲ. ಸೀಸೆಗೆ ಶಾಯಿಯ ಗೆರೆ ಎಳೆದು ಬೀರುವಿನಲ್ಲಿಟ್ಟು ಬೀಗದ ಕೈಯನ್ನು ಚಂದ್ರಮೋಹನ್ ಅವರಿಗೆ ಕೊಟ್ಟೆ. ಹದಿನೆಂಟು ದಿನಗಳಲ್ಲಿ ಯಾರೂ ಮುಟ್ಟದೆ ಒಂದು ಬೆರಳು ಇಳಿದಿತ್ತು. ಬಿರಡೆಯ ಅಂಚು ಸವೆದಿದೆ, ಸ್ಪಿರಿಟ್ ಹಾರಿಹೋಗುತ್ತದೆ. ಧೂಳು ಅಷ್ಟೂ ತಳದಲ್ಲಿದೆ. ಲೋಹಶಾಸ್ತ್ರ ಓದಿದವಳು ಇದನ್ನು ಮೊದಲ ದಿನವೇ ನೋಡಬೇಕಿತ್ತು.

ಆಮೇಲೆ ಹನ್ನೆರಡು ಬಿಲ್ಲೆಗಳನ್ನು ತೊಳೆದು, ಆರನ್ನು ಹಸಿ ತುಪ್ಪಟದಿಂದ ಒರೆಸಿದೆ, ಆರನ್ನು ಬಿಸಿಗಾಳಿಯಲ್ಲಿ ಒಣಗಿಸಿದೆ. ಒರೆಸಿದ ಆರರಲ್ಲೂ ಶಂಕು ಒತ್ತಿದಲ್ಲಿ ಉಂಗುರದಂತೆ ಸಿಪ್ಪೆ ಎದ್ದಿತು. ತುಕ್ಕಿನಿಂದ ಕತ್ತರಿಯನ್ನು ಕಾಯುವ ಜಿಡ್ಡು ಬಿತ್ತನೆಯ ಕಣವನ್ನು ಕೂರಲು ಬಿಡುವುದಿಲ್ಲ. ನಮ್ಮ ಸ್ಪಿರಿಟ್ಟಿಗೆ ಅದು ಕರಗುವುದೂ ಇಲ್ಲ. ಕಾರಣ ಅವಳ ಕೈಯೇ, ಅಪ್ಪ. ಆದರೆ ನಾವು ತಿಳಿದ ಕಾರಣವಲ್ಲ.

ಇನ್ನೊಂದನ್ನು ನೀವು ತಿಳಿಯಬೇಕು. ಕರೆಂಟು ಹೋದ ದಿನಗಳ ಮೊದಲೆರಡು ತಟ್ಟೆಗಳ ಬಿಲ್ಲೆಗಳನ್ನೂ ಹುಡುಕಿ ನೋಡಿದೆ. ನೀರಿನ ಹನಿ ತಾನಾಗಿ ಒಣಗಿದಲ್ಲಿ ಸಾಸಿವೆಯಷ್ಟು ಕಲೆಗಳು. ಆ ಕಲೆಗಳ ಮೇಲೆ ಲೇಪ ಸಡಿಲ. ಕುಳಿ ಅಲ್ಲಿ ಬೀಳದಿದ್ದುದರಿಂದ ಇಷ್ಟು ದಿನ ನಮಗೆ ಗೊತ್ತಾಗಿರಲಿಲ್ಲ. ಒದ್ದೆಯಾಗಿ ಬಿಡಬಾರದೆಂದು ಮಂಜುಳಾ ನನಗೆ ಎರಡು ಬಾರಿ ಹೇಳಿದ್ದಳು. ಕರೆಂಟು ಬರುವವರೆಗೆ ಕೆಲಸ ತಪ್ಪಿಸಿಕೊಳ್ಳಲು ಹೇಳುತ್ತಾಳೆಂದು ನಾನು ತಿಳಿದೆ. ಅವಳ ಮಾತು ಸರಿ, ತುಪ್ಪಟ ಮಾತ್ರ ತಪ್ಪು. ಈಗ ಬಿಸಿಗಾಳಿ ಯಂತ್ರವನ್ನು ಜನರೇಟರಿಗೆ ಜೋಡಿಸಿದ್ದೇವೆ. ತೊಳೆದ ಕೂಡಲೇ ಶುದ್ಧ ಸ್ಪಿರಿಟ್ಟಿನಲ್ಲಿ ಅದ್ದಿ ಒಣಗಿಸುತ್ತೇವೆ. ಮೂರು ತಟ್ಟೆಗಳಲ್ಲೂ ಲೇಪ ಹಿಂದೆಂದೂ ಇಲ್ಲದಷ್ಟು ಗಟ್ಟಿಯಾಗಿ ನಿಂತಿದೆ.

ನಿನ್ನೆ ಅಗಳಿಗೆ ಹೋಗಿದ್ದೆ. ಭಾನುವಾರವಾದ್ದರಿಂದ ಮನೆಯಲ್ಲಿದ್ದಳು. ಒಳಗೆ ಕರೆಯಲಿಲ್ಲ, ಹೊಸ್ತಿಲಲ್ಲಿ ನಿಂತೇ ಕೇಳಿದಳು. ಎಲ್ಲವನ್ನೂ ಹೇಳಿ ತಪ್ಪಾಯಿತೆಂದೆ. ಅವಳು ಹೇಳಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ:

'ಮೇಡಂ, ನೀವು ಕಳ್ಳಿ ಅನ್ಲಿಲ್ಲ, ಅದು ನಿಜ. ಚೀಲ ಬಿಚ್ಚು ಅಂದ್ರಿ. ಹದ್ನೈದ್ ಜನ ನೋಡ್ತಿದ್ರು. ಈಗ ನಮ್ ಹೊಸ್ಲಿಗ್ ಬಂದು ಒಬ್ಬಳ್ಗೇ ತಪ್ಪಾಯ್ತು ಅಂದ್ರೆ ಆ ಹದ್ನೈದ್ ಜನಕ್ಕೆ ಹೆಂಗ್ ಗೊತ್ತಾಗ್ಬೇಕು?'

ನಾನು ಗೇಟಿನಲ್ಲಿಯೇ ಹೇಳುತ್ತೇನೆಂದೆ. ಅವಳು ನನ್ನನ್ನೇ ನೋಡುತ್ತಾ, 'ನಿಮ್ ತಲೇಲಿ ಹುಟ್ಟಿದ್ ಮಾತಲ್ಲ ಅದು. ಯಾರೋ ಹೇಳ್ಕೊಟ್ಟವ್ರೆ. ಅವ್ರ್ ಯಾರು ಅಂತ ಗೊತ್ತಾಗೋಗಂಟ ನಾನ್ ಆ ಗೇಟ್ ದಾಟಲ್ಲ' ಎಂದಳು.

ನಿಮ್ಮ ಹೆಸರನ್ನು ಹೇಳದೆ ಮರಳಿ ಬಸ್ಸು ಹತ್ತಿದೆ. ಯಾಕೆ ನನ್ನ ಮೇಲೆ ಹಾಕಿಕೊಂಡೆ ಎಂದು ನೀವು ಕೇಳಿದಿರಿ. ಅಂದು ವಿಚಾರಿಸಲು ಬಂದ ಹನುಮಂತರಾಯಪ್ಪನವರು ಮೊದಲು ಹೇಳಿದ್ದು ತಮ್ಮ ಮನೆಯ ಗೋಡೆಯಲ್ಲಿರುವ ಅಮರಾಪುರದ ಪುರಾಣ ಮಂಗಲದ ದಿನದ ಫೋಟೋದ ಮಾತನ್ನು; ನಿನ್ನೆ ಹೊಸ್ತಿಲಿಂದಲೇ ಅದನ್ನು ಕಂಡೆ. ನಡುವೆ ನೀವು ಕೂತಿದ್ದೀರಿ.

ನಿಮ್ಮ
ಸುಮಾ

*

ಶ್ರೀ ವ್ಯಯನಾಮ ಸಂವತ್ಸರದ ಕಾರ್ತಿಕ ಬಹುಳ ಅಷ್ಟಮಿ, ಸೋಮವಾರ. 13 ನವೆಂಬರ್ 2006
ರಾಯದುರ್ಗ

ಅಗಳಿಯ ಹನುಮಂತರಾಯಪ್ಪ ಮೇಷ್ಟ್ರ ಸುಪುತ್ರಿ ಮಂಜುಳಮ್ಮನವರಿಗೆ, ರಾಯದುರ್ಗದ ಗಂಗಾಧರಪ್ಪನು ಬರೆಯುವುದು.

ಈ ಕಾಗದವನ್ನು ಕಾರ್ಖಾನೆಯ ಗೇಟಿನಲ್ಲಿ, ಸೆಪ್ಟೆಂಬರ್ ಎಂಟರಂದು ಅಲ್ಲಿದ್ದ ಹದಿನೈದು ಮಂದಿಯೂ ಇರುವಾಗ, ನನ್ನ ಮಗಳು ಗಟ್ಟಿಯಾಗಿ ಓದತಕ್ಕದ್ದು. ಅವರಲ್ಲೊಬ್ಬರು ಬಾರದಿದ್ದರೂ ಅಂದು ಓದಬಾರದು; ಎಲ್ಲರೂ ಬರುವ ದಿನಕ್ಕೆ ಕಾಯಬೇಕು.

ತಮ್ಮ ಚೀಲವನ್ನು ಬಿಚ್ಚಿಸೆಂದು ಹೇಳಿದವನು ನಾನು. ಆಗಸ್ಟ್ ಇಪ್ಪತ್ತೊಂದರಂದು, ಶ್ರಾವಣದ ಕೊನೆಯ ಸೋಮವಾರ, ಸ್ನಾನ ಪೂಜೆಗಳನ್ನು ಮುಗಿಸಿ ಹಣೆಯ ಮೇಲೆ ವಿಭೂತಿ ಇರುವಾಗಲೇ ನಾನು ನನ್ನ ಮಗಳಿಗೆ ಬರೆದೆನು: ಬೀಜವನ್ನು ಕದಿಯುವವಳು ಬೆಳೆಯನ್ನು ಕಾಯುವವಳೇ ಆಗಿರುತ್ತಾಳೆ, ಅವಳ ಚೀಲವನ್ನು ಬಾಗಿಲಲ್ಲಿ, ಎಲ್ಲರೆದುರು ಬಿಚ್ಚಿಸು. ವಾಕ್ಯವನ್ನು ಒಂದಕ್ಷರವೂ ಬದಲಿಸದೆ ಕೊಟ್ಟಿದ್ದೇನೆ. ಬರೆದಾಗ ಅದು ಚೆನ್ನಾಗಿದೆಯೆಂದು ನನಗೆ ಸಂತೋಷವಾಗಿತ್ತು. ಮುಖವನ್ನೇ ಕಾಣದ ಹೆಣ್ಣುಮಗಳೊಬ್ಬಳ ಮೇಲೆ ವಾಕ್ಯದ ಚೆಲುವಿಗಾಗಿ ಕಳವನ್ನು ಹೊರಿಸಿದೆನೆಂಬುದು ಆಗ ನನಗೆ ತೋರಲಿಲ್ಲ.

ತಾವು ಏನನ್ನೂ ಕದ್ದಿಲ್ಲ. ಪರೀಕ್ಷೆಯಿಂದ ಅದು ಸಿದ್ಧವಾಗಿದೆ. ಪರೀಕ್ಷೆ ನಡೆಯದಿದ್ದರೂ ಅದು ಸತ್ಯವೇ ಆಗಿತ್ತು. ತಮ್ಮ ಹಿರಿಯರು ಕಲಿಸಿದಂತೆ ಒದ್ದೆಯಾದ ಲೋಹವನ್ನು ಒರೆಸಿದಿರಿ. ಆ ಒರೆಸುವಿಕೆ ಈ ಕೆಲಸಕ್ಕೆ ಹೊಂದಲಿಲ್ಲ, ಅಷ್ಟೆ. ಒದ್ದೆ ಬಿಡಬಾರದೆಂಬ ತಮ್ಮ ಮಾತು ಹೊಂದಿತು. ಇಂದು ಮೂರು ತಟ್ಟೆಗಳ ಲೇಪವೂ ಆ ಮಾತಿನಿಂದ ನಿಂತಿದೆ.

ನನ್ನ ಮಗಳು ತನ್ನದೇ ಬುದ್ಧಿಯೆಂದು ಹೇಳಿದ್ದು ಸುಳ್ಳು. ತಂದೆಯ ಮಾನಕ್ಕಾಗಿ ಆಡಿದ ಸುಳ್ಳು. ಅದಕ್ಕೂ ನಾನೇ ಹೊಣೆ. ಆದರೂ ಚೀಲಕ್ಕೆ ಕೈ ಹಾಕುವ ಮುನ್ನ ಅವಳು ತಮ್ಮನ್ನೊಮ್ಮೆ ಕೇಳಬಹುದಾಗಿತ್ತು. ಅದನ್ನು ಅವಳಿಗೂ ಹೇಳಿದ್ದೇನೆ.

ಮರಳಿ ಕೆಲಸಕ್ಕೆ ಬನ್ನಿರೆಂದು ಕೇಳುವ ಅಧಿಕಾರ ನನಗಿಲ್ಲ. ಕ್ಷಮಿಸಿರೆಂದು ಕೇಳುವುದೂ ತಮಗೆ ಇನ್ನೊಂದು ಭಾರವಾದೀತು. ಈ ಕಾಗದ ತಮ್ಮದು. ಎಲ್ಲಿ ಬೇಕಾದರೂ, ಯಾರೆದುರು ಬೇಕಾದರೂ ಓದಿಸಿರಿ.

ಇಂತು ತಪ್ಪಿತಸ್ಥನಾದ,
ಗಂಗಾಧರಪ್ಪ

*

28 ನವೆಂಬರ್ 2006, ಮಂಗಳವಾರ
ಅಗಳಿ

ಪೂಜ್ಯ ಗಂಗಾಧರಪ್ಪನವರಿಗೆ, ಹನುಮಂತರಾಯಪ್ಪನ ನಮಸ್ಕಾರಗಳು.

ತಮ್ಮ ಕಾಗದವನ್ನು ಮೊನ್ನೆ ಶನಿವಾರ ಸಂಜೆ ಗೇಟಿನಲ್ಲಿ ಓದಲಾಯಿತು. ಹದಿನೈದು ಜನರೂ ಇದ್ದರು. ಒಬ್ಬಳು ಬಾಣಂತಿಯಾಗಿದ್ದವಳು ಮಗುವನ್ನೆತ್ತಿಕೊಂಡೇ ಬಂದಿದ್ದಳು. ನಾನು ರಸ್ತೆಯ ಆಚೆ ನಿಂತಿದ್ದೆ. ಮಂಜುಳಾ ಗೇಟಿನ ಹೊರಗೆ ನಿಂತಿದ್ದಳು. ಸುಮಾ ಮೇಡಂ ತಮ್ಮ ಹೆಸರಿನ ಹತ್ತಿರ ಬಂದಾಗ ಧ್ವನಿ ತಗ್ಗಿಸಲಿಲ್ಲ. ಓದಿ ಮುಗಿದ ಮೇಲೆ ಮಗಳು, ತಾರೀಖು ಇರುವ ಸಾಲನ್ನು ಇನ್ನೊಂದು ಸಲ ಓದಿ ಎಂದಳು. ಓದಿದರು. ಕಾಟಮ್ಮನೆಂಬ ಹೆಂಗಸು ಬಂದು ಇವಳ ಕೈ ಹಿಡಿದುಕೊಂಡಳು. ಇವಳು ಬಿಡಿಸಿಕೊಳ್ಳಲೂ ಇಲ್ಲ, ತಾನು ಹಿಡಿಯಲೂ ಇಲ್ಲ. ಕಾಗದವನ್ನು ಇಸಿದುಕೊಂಡು ಮಡಿಚಿ ನಡೆದುಬಿಟ್ಟಳು.

ಮರುದಿನ ನಮ್ಮೂರ ಶಾಲೆಯ ಜಗುಲಿಯಲ್ಲಿ ಅದನ್ನು ಓದೆಂದು ನನ್ನ ಕೈಗೆ ಕೊಟ್ಟಳು. ಭಾನುವಾರ, ಜನ ಸೇರಿದ್ದರು. ನಾನು ಓದಿದೆನು. ತಮ್ಮ ಹೆಸರು ಬಂದಲ್ಲಿ ನನಗೆ ಹಳೆಯದೆಲ್ಲ ನೆನಪಾಗಿ, ಹೆಸರನ್ನು ಬಿಟ್ಟು ಊರ ಹಿರಿಯರೊಬ್ಬರು ಎಂದು ಓದಿಕೊಂಡು ಹೋದೆ. ಮಗಳು ಕಂಬಕ್ಕೆ ಒರಗಿ ನಿಂತಿದ್ದವಳು ಅಲ್ಲಿಂದಲೇ, 'ಹೆಸ್ರು ಬಿಟ್ಟೆ ಕಣಪ್ಪ. ಓದು' ಎಂದಳು. ಹಿಂದಕ್ಕೆ ಹೋಗಿ ಹೆಸರು ಸಹಿತ ಓದಿದೆ. ಮುಚ್ಚಿಡದೆ ತಿಳಿಸುತ್ತಿದ್ದೇನೆ, ತಾವು ಇದನ್ನು ಬೇರೆಯವರ ಬಾಯಿಂದ ಕೇಳಬಾರದು. ಕೊನೆಯವರೆಗೆ ಓದಿ ಮುಗಿಸಿದೆ. ಆಮೇಲೆ ಚಿಕ್ಕತಿಮ್ಮಯ್ಯ, 'ಅಷ್ಟ್ ದೊಡ್ಡ ಪಂಡಿತ್ರು, ತುಪ್ಟ ಏನಂತ ಗೊತ್ತಿಲ್ವಲ್ಲ' ಎಂದ. ಜನ ನಕ್ಕರು. ಆ ನಗು ಈ ಸಲ ನಮ್ಮ ಮನೆಯ ಮೇಲಿರಲಿಲ್ಲ.

ನಿನ್ನೆಯಿಂದ ಮಂಜುಳಾ ಮಡಕಶಿರದ ಕೆಲಸಕ್ಕೆ ಹೋಗುತ್ತಿದ್ದಾಳೆ. ಅದೇ ಮೂರನೆಯ ತಟ್ಟೆ. ಆದರೆ ಚೀಲ ಒಯ್ಯುವುದಿಲ್ಲ. ಎರಡು ಮುದ್ದೆಯನ್ನು ಮುತ್ತುಗದೆಲೆಯಲ್ಲಿ ಸುತ್ತಿ, ಎಲ್ಲರಿಗೂ ಕಾಣುವಂತೆ ಕೈಯಲ್ಲಿಯೇ ಹಿಡಿದುಕೊಂಡು ಬಸ್ಸು ಹತ್ತುತ್ತಾಳೆ. ಅವಳ ತಾಯಿ ಹೊಸ ಚೀಲವನ್ನು ಹೊಲಿದು ಗೂಟಕ್ಕೆ ನೇತುಹಾಕಿದ್ದಾಳೆ. ಯಾವಾಗ ತೆಗೆದುಕೊಳ್ಳುತ್ತಾಳೋ ನಾವು ಕೇಳಿಲ್ಲ.

ಗೋಡೆಯ ಫೋಟೋವನ್ನು ತೆಗೆದಿಲ್ಲ. ತೆಗೆಯಬೇಕೆಂದು ಒಂದು ದಿನ ಕೈ ಹೋಗಿತ್ತು. ತಾವು ಬರೆದುಕೊಟ್ಟ ಮೇಲೆ ಅದು ಅಲ್ಲಿಯೇ ಇರಲೆಂದು ಬಿಟ್ಟೆ.

ಅನುಮಾನಿಸಿದವರಿಗೂ ಅನುಮಾನಕ್ಕೊಳಗಾದವರಿಗೂ, ಗೇಟಿನಲ್ಲಿ ನಿಂತು ಕಂಡ ಹದಿನೈದು ಮಂದಿಗೂ, ತಾಯಿಯ ತೋಳಿನಲ್ಲಿ ನಿದ್ರಿಸಿ ಏನನ್ನೂ ಕೇಳದ ಆ ಕೂಸಿಗೂ, ತಂದೆಯ ಹೆಸರನ್ನು ತಗ್ಗಿಸದೆ ಓದಿದ ತಮ್ಮ ಮಗಳಿಗೂ, ಓದಿಸಿದ ನನ್ನ ಮಗಳಿಗೂ, ಕೈಯಿಂದ ದುಡಿದು ಸಂಜೆ ಮನೆಗೆ ಮರಳುವ ಎಲ್ಲ ಹೆಣ್ಣುಮಕ್ಕಳಿಗೂ ದೇವರು ಆಯುಷ್ಯವನ್ನೂ ಮಾನವನ್ನೂ ಕೊಟ್ಟು ಕಾಪಾಡಲಿ. ತಮಗೂ ಸರ್ವಮಂಗಳಮ್ಮನವರಿಗೂ ನೂರು ವರ್ಷವಾಗಲಿ. ಎಲ್ಲರಿಗೂ ಶುಭವಾಗಲಿ.

ಹನುಮಂತರಾಯಪ್ಪ